ಹಾಲಿನ ಬೆಸುಗೆ

ಇಪ್ಪತ್ತೆಂಟು ವರ್ಷ ಹಾಲಿನ ಟ್ಯಾಂಕಿಗೆ ಬೆಸುಗೆ ಹಾಕಿದವಳು ನಾನು.
ಹೊಕ್ಕೈಡೊದ ಈ ದಂಡೆಯಲ್ಲಿ ಜನಕ್ಕಿಂತ ದನ ಹೆಚ್ಚು,
ದನಕ್ಕಿಂತ ಮಂಜು ಹೆಚ್ಚು.
ಸ್ಟೀಲಿನ ಒಳಮೈಯಲ್ಲಿ ಕೂದಲೆಳೆಯ ಬಿರುಕು ಉಳಿದರೂ
ಹುಳಿ ಅಲ್ಲೇ ಮನೆ ಮಾಡುತ್ತದೆ,
ಬೆಳಗಾಗುವುದರೊಳಗೆ ಊರ ಹಾಲೆಲ್ಲ ಒಡೆಯುತ್ತದೆ.
ನನಗೆ ಗೊತ್ತಿದ್ದ ವಿಜ್ಞಾನ ಇಷ್ಟೇ.

ಬೀಗ ಬಿದ್ದ ಮೀನು ಸಂಘದ ಶೆಡ್ಡಿಗೆ ಬಂದರು ಅವರು:
ಒಂಬತ್ತು ಮಂದಿ, ಒಂದು ವ್ಯಾನು, ಅನ್ನದ ಕುಕ್ಕರು.
ಎಲ್ಲರಿಗಿಂತ ಕಿರಿಯವ ಒಗುಚಿಯೇ ಯಜಮಾನ,
ಈ ಕೆಸರಿಗೆ ತಕ್ಕ ಬೂಟು ಕೊಳ್ಳಲೂ ಪುರುಸೊತ್ತಿಲ್ಲದವನು.
"ಸವಾ-ಸಾನ್, ಒಂದು ಟ್ಯಾಂಕು ಬೇಕು."
"ಎಷ್ಟು ಲೀಟರು ಹಾಲಿಗೆ?"
"ಹಾಲಲ್ಲ. ಸಗಣಿ."

ನಕ್ಕೆ. ಅವನು ನಗಲಿಲ್ಲ.
ಸಗಣಿ ಗುಂಡಿಯಲ್ಲಿ ಹುದುಗಿ ಗ್ಯಾಸಾಗಿ,
ಗ್ಯಾಸು ಸೊನ್ನೆಗಿಂತ ನೂರ ಅರವತ್ತು ಡಿಗ್ರಿ ಕೆಳಗೆ ನೀರಾಗಿ,
ಆ ನೀರು ಉರಿದು,
ಉರಿಯ ಹೆಗಲೇರಿ
ಊಟದ ಡಬ್ಬಿಯಷ್ಟು ದೊಡ್ಡ ಉಪಗ್ರಹ ಹೋಗುವುದಂತೆ.
ಒಸಾಕಾದ ಛತ್ರಿ ಕಂಪನಿಯದಂತೆ ಅದು,
ಮಳೆ ಎಲ್ಲಿ ಬೀಳುವುದೆಂದು
ಮೋಡಕ್ಕಿಂತ ಮೊದಲೇ ಅವರಿಗೆ ತಿಳಿಯಬೇಕಂತೆ.
"ಹಾಗಾದರೆ ಇದು ಸರ್ಕಾರದ್ದಲ್ಲವೇ?"
"ಸರ್ಕಾರ ಈಗ ಗಿರಾಕಿ. ಬಂದರೆ."

ಸಂಬಳ ಅರ್ಧ ಯೆನ್ನಿನಲ್ಲಿ, ಅರ್ಧ ಷೇರಿನಲ್ಲಿ.
ಷೇರು ಪತ್ರವನ್ನು ನಾಲ್ಕಾಗಿ ಮಡಚಿ
ಅಡುಗೆಮನೆ ಮೇಜಿನ ಕಾಲ ಕೆಳಗಿಟ್ಟೆ;
ಅಲ್ಲಾಟ ನಿಂತಿತು.

ಬಂಡವಾಳದವರು ಬಂದರು, ಬಿಳಿ ಬೂಟಿನವರು,
ಅಂಗಳದ ಸಗಣಿಯನ್ನು ಬಳಸಿ ಬಳಸಿ ನಡೆದರು.
"ನಿಮ್ಮ ಪೇಟೆ ಎಷ್ಟು ದೊಡ್ಡದು?" ಕೇಳಿದಳೊಬ್ಬಳು.
"ಒಂದು ಬೀದಿ, ಎರಡು ಅಂಗಡಿ, ಒಂದು ಪೆಟ್ರೋಲ್ ಬಂಕು" ಅಂದೆ.
ಒಗುಚಿ ಕೆಮ್ಮಿದ.

ಪಾಚಿ ಕೀಳುವ ತಿಂಗಳು ಬೇಡ ಎಂದರು ದೋಣಿಯವರು,
ಕರು ಹಾಕುವ ತಿಂಗಳು ಬೇಡ ಎಂದರು ಕೊಟ್ಟಿಗೆಯವರು,
ಗಾಳಿ ಯಾವ ತಿಂಗಳೂ ಬೇಡ ಎಂದಿತು.
ಕೊನೆಗೆ ಡಿಸೆಂಬರಿನ ಒಂದು ನಸುಕಿನಲ್ಲಿ
ಎದ್ದಿತು.
ದನಗಳೆಲ್ಲ ಒಮ್ಮೆಗೇ ತಲೆ ಎತ್ತಿದವು.
ಹನ್ನೊಂದು ಸೆಕೆಂಡು.
ಆಮೇಲೆ, ಏನೋ ಮರೆತು ಬಂದವರ ಹಾಗೆ,
ಹಿಂದಕ್ಕೆ ತಿರುಗಿತು.

ಕಡಲಿಗೆ ಬಿದ್ದ ಸದ್ದು ನಮ್ಮನ್ನು ಮುಟ್ಟುವ ಮೊದಲೇ
ಎಲ್ಲರೂ ನೆಲ ನೋಡುತ್ತಿದ್ದರು.
ಯಾರೂ ನನ್ನನ್ನು ನೋಡಲಿಲ್ಲ.
ಅಷ್ಟು ಸಾಕಿತ್ತು.
ರಾತ್ರಿಯಿಡೀ ಕೈ ಮಗುಚಿ ಮಗುಚಿ ನೋಡಿಕೊಂಡೆ:
ಮೂರನೇ ಸುತ್ತಿನಲ್ಲಿ ಸೀನು ಬಂದಿತ್ತಲ್ಲ,
ಆಗೇನಾದರೂ?

ಹತ್ತೊಂಬತ್ತನೇ ದಿನ ಮೀನುಗಾರ ಕನೆಮಾತ್ಸು
ಬಲೆಗೆ ಸಿಕ್ಕ ತುಂಡೊಂದನ್ನು ಬಾಗಿಲಲ್ಲಿ ಎಸೆದ.
"ನಿಂದೇ ಇರಬೇಕು. ಬಲೆ ಹರಿಯಿತು, ಅದರ ದುಡ್ಡು ಆಮೇಲೆ."
ಸುಟ್ಟು ಮುರುಟಿದ ತಗಡು, ಹಳೆಯ ಅಂಗಿಯ ಹಾಗೆ ಹರಿದದ್ದು.
ಹರಿದದ್ದು ತಗಡು.
ಬೆಸುಗೆಯ ಗೆರೆ ಮಾತ್ರ ಇದ್ದಲ್ಲೇ ಇತ್ತು,
ತಿಂದು ಬಿಟ್ಟ ಮೀನಿನ ಬೆನ್ನೆಲುಬು.

ಒಗುಚಿ ಅದರ ಮೇಲೆ ಬೆರಳಾಡಿಸಿದ.
ತಪ್ಪು ಒಂದು ವಾಲ್ವಿನದು ಎಂದ, ನಾಣ್ಯದಷ್ಟು ಅಗಲದ್ದು.
ನನಗೆ ಗೆದ್ದ ಹಾಗೆ ಅನ್ನಿಸಬೇಕಿತ್ತು.
ಅವನ ಬಟ್ಟಲಲ್ಲಿ ಅನ್ನ ಆರುತ್ತಿತ್ತು.

ಮೂವತ್ತಕ್ಕೇರಿದ್ದವರು ಏಪ್ರಿಲಿಗೆ ಹದಿಮೂರಾದರು.
ಬಿಳಿ ಬೂಟುಗಳು ಬೇರೆ ದಂಡೆಗೆ ಹೋದವು, ಬೇರೆ ಶೆಡ್ಡಿಗೆ.
ಇಂಥ ಶೆಡ್ಡುಗಳು ಈಗ ಲೋಕದ ತುಂಬ ಅಣಬೆಯ ಹಾಗಂತೆ.
ಅಣಬೆಗಾದರೂ ಬಾಡಿಗೆಯ ಚಿಂತೆಯಿಲ್ಲ.

ಇವತ್ತು ಬೆಳಿಗ್ಗೆ ಬಾಗಿಲು ತಟ್ಟಿದ,
ಕಂಕುಳಲ್ಲಿ ಹೊಸ ಟ್ಯಾಂಕಿನ ನಕ್ಷೆ,
ಕಾಲಲ್ಲಿ ದನದವರ ರಬ್ಬರ್ ಬೂಟು. ಕೊನೆಗೂ.
"ಯೆನ್ನಿಲ್ಲ, ಸವಾ-ಸಾನ್. ಬರೀ ಷೇರು."
"ಮೇಜಿಗೆ ಇನ್ನೂ ಮೂರು ಕಾಲಿವೆ" ಅಂದೆ,
"ನಕ್ಷೆ ಬಿಡಿಸು."
ಹೊರಗೆ ಸಗಣಿ ಲಾರಿ
ಪೀಂ ಪೀಂ ಎನ್ನುತ್ತ ಹಿಂದಕ್ಕೆ ಬರುತ್ತಿತ್ತು.